ಧನರಾಜ ಸರ್ ಫೋಟೋ ಮೆಸ್‌ನಲ್ಲಿ ಯಾಕೆ ಇಡಲಿಲ್ಲ ಎಂದರೆ…

ಸುಳ್ಳಿರಬೇಕು ಅಂದುಕೊಂಡೆ…

ಮುಂಜಾನೆ ರೊಟ್ಟಿ ತಟ್ಟುತ್ತಿದ್ದಾಗ ಫೋನ್ ಬಂತು. ಮೈಲೂರಿನ ಮನೆಯಲ್ಲಿ ಧನರಾಜ ಸರ್ ತೀರಿಕೊಂಡರು ಅಂತ.
ಮೊನ್ನೆ ಮೊನ್ನೆ ಅವರೇ ಮಾತಾಡಿದ್ದರು.
"ಪುಂಡಿಪಲ್ಯ ಮಾಡಿದ ದಿನ ಹೇಳ್ರಿ ಕಮಲಾಬಾಯಿ, ಬರ್ತೇನಿ."
ನಂಬಿಕೆಯಾಗದೆ ಅವರ ಮಗನಿಗೇ ಫೋನ್ ಹಚ್ಚಿದೆ.
ನಿಜ…

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ.
ನಾನು ಬೀದರಿನಲ್ಲಿ ಯೂನಿವರ್ಸಿಟಿಯ ಹುಡುಗಿಯರ ಹಾಸ್ಟೆಲಿನ ಮೆಸ್ ನೋಡಿಕೊಳ್ಳುವವಳು. ಹುಡುಗಿಯರಿಗೆಲ್ಲ ಮೌಶಿ, ಅಂದರೆ ಚಿಕ್ಕಮ್ಮ. ಊರು ಮೆಹಕರ. ಓದಿದ್ದು ಊರ ಸಾಲೆಯಲ್ಲಿ ಎಷ್ಟಿತ್ತೋ ಅಷ್ಟೇ.
ಸರ್ ನಮ್ಮ ಕುಲಪತಿಗಳಾಗಿದ್ದರು.
ಔರಾದ ಕಡೆಯ ಬೌದ್ಧ ಮನೆತನ. ಕಾಲೇಜು ಭಾಲ್ಕಿಯಲ್ಲಿ. ಆಮೇಲೆ ಬೀದರಿನಲ್ಲಿ ವರ್ಷಾನುಗಟ್ಟಲೆ ವಕೀಲಿ ಹುಡುಗರಿಗೆ ಸಂವಿಧಾನ ಕಲಿಸಿದರು. ಧರ್ಮದ ಹಕ್ಕಿನ ಬಗ್ಗೆ ದಪ್ಪ ದಪ್ಪ ಪುಸ್ತಕ ಬರೆದರು. ದೊಡ್ಡ ಕೋರ್ಟಿನ ವಕೀಲರೂ ಅವರನ್ನು ಕೇಳಿಕೊಂಡು ಬರುತ್ತಿದ್ದರು.
ಆ ಪುಸ್ತಕ ನಾನು ಓದಿಲ್ಲ. ಓದಿದರೂ ತಿಳಿಯುವುದಿಲ್ಲ.
ನಾನು ಕಂಡದ್ದನ್ನು ಬರೆಯುತ್ತೇನೆ.

ಬರೆಯಲೇಬೇಕಾಗಿದೆ.
ಮಧ್ಯಾಹ್ನದಿಂದ ಹಾಸ್ಟೆಲಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಮಾತು… ಊಟದ ಹಾಲ್‌ನಲ್ಲಿ ಸರ್ ಫೋಟೋ ಇಟ್ಟು, ಹಾರ ಹಾಕಿ, ದೀಪ ಹಚ್ಚಲು ಕಮಲಾಬಾಯಿ ಬಿಡಲಿಲ್ಲ.
ಒಬ್ಬರು 'ಸೊಕ್ಕು' ಎಂದಿದ್ದಾರೆ.
ಇನ್ನೊಬ್ಬರು, 'ಸರ್ ಬೌದ್ಧರು, ಈಕೆ ಮಡಿಯವಳು, ಅದಕ್ಕೇ' ಎಂದಿದ್ದಾರೆ.
ಈ ಎರಡನೆಯ ಮಾತು ಹಾಗೇ ಉಳಿಯಬಾರದು.

ಸರ್ ಕುಲಪತಿಗಳಾಗಿ ಹೊಸದಾಗಿ ಬಂದಾಗ ಅದೇ ಹಾಲ್‌ನಲ್ಲಿ ನಮ್ಮ ಪಾಂಡುರಂಗನ ಫೋಟೋ ಇತ್ತು. ಆರತಿ ಆಗದೆ ನಾನು ಅನ್ನದ ಮುಚ್ಚಳ ತೆಗೆಯುತ್ತಿರಲಿಲ್ಲ.
ಕೆಲವು ಹುಡುಗಿಯರು ಆರತಿ ಮುಗಿಯುವ ತನಕ ಹೊರಗೆ ನಿಲ್ಲುತ್ತಿದ್ದರು. ಅವರಲ್ಲಿ ಶಬಾನಾ ಎಂಬಾಕೆ ದೂರು ಕೊಟ್ಟಳು.
ನನ್ನನ್ನು ಚೇಂಬರಿಗೆ ಕರೆಸುತ್ತಾರೆ, ಕೆಲಸ ಹೋಯಿತು ಅಂತಲೇ ತಿಳಿದಿದ್ದೆ.
ಕರೆಸಲಿಲ್ಲ. ತಾವೇ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಮೊದಲು ಊಟ ಮಾಡಿದರು. ಆಮೇಲೆ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂಡಿಸಿದರು.
"ಈಗ ಈಕಿ ಮಾತು ನೀವು ಹೇಳ್ರಿ. ನಿಮ್ಮ ಮಾತು ಈಕಿ ಹೇಳ್ತಾಳ. ತಮ್ಮ ತಮ್ಮದು ಆಮೇಲೆ."
"ಇದೆಂಥಾ ಪಂಚಾಯ್ತಿರಿ ಸರ್?" ಅಂದೆ.
"ನನ್ನ ಕ್ಲಾಸಿನ್ಯಾಗ ಹಿಂಗೇ ನಡೀತಿತ್ತು. ಹೇಳ್ರಿ."
ನಾನು ಹೇಳಿದೆ. "ಈಕಿಗಿ ಹಸಿವಾಗಿರ್ತದರಿ. ನನ್ನ ದೇವರು ಈಕಿ ದೇವರಲ್ಲ. ಅನ್ನ ಮಾತ್ರ ಇಬ್ಬರದೂ ಒಂದೇ ಅದ."
ಶಬಾನಾ ನನ್ನ ಕಡೆ ನೋಡದೆ ಹೇಳಿದಳು. "ದೇವರಿಗಿ ತೋರಸದೆ ಬಡಿಸಿದ್ರ ಮೌಶಿಗಿ ಮನಸ್ಸಿಗಿ ಸಮಾಧಾನ ಇರಲ್ಲರಿ ಸರ್. ನಮಗ ಒಳ್ಳೇದಾಗಲಿ ಅಂತೇ ಮಾಡ್ತಾರ."
ತಮ್ಮ ತಮ್ಮ ಮಾತು ಹೇಳುವ ಸರದಿ ಬಂದಾಗ ಇಬ್ಬರಲ್ಲೂ ಹೆಚ್ಚೇನೂ ಉಳಿದಿರಲಿಲ್ಲ.

ತೀರ್ಪು ನನಗೆ ವಿರುದ್ಧವೇ ಆಯಿತು.
"ದೇವರು ನಿಮ್ಮ ಕ್ವಾರ್ಟರ್ಸಿನ್ಯಾಗ ಇರಲಿ. ಅಲ್ಲಿ ಯಾರೂ ನಿಮಗ ತಡೀಬಾರದು. ಇದು ಎಲ್ಲಾರೂ ಉಣ್ಣೋ ಜಾಗ. ಇಲ್ಲಿ ಯಾರ ಫೋಟೋನೂ ಬ್ಯಾಡ."
ಸಿಟ್ಟಿನಲ್ಲಿ ಕೇಳಿಬಿಟ್ಟೆ. "ನಾಳಿ ನಿಮ್ಮ ಬುದ್ಧಂದು ತಂದ್ರ?"
"ಬುದ್ಧಂದೂ ಬ್ಯಾಡ್ರಿ."
"ಮತ್ತ ನಿಮ್ದು?"
ನಕ್ಕರು. "ನನ್ನ ಮೋತಿ ನೋಡ್ಕೋತ ಯಾರಿಗಿ ರೊಟ್ಟಿ ಇಳೀತದ? ನಂದೂ ಬ್ಯಾಡ."

ಮುಂದೆ ಹಾಸ್ಟೆಲ್ ಕಮಿಟಿಯಲ್ಲಿ ಒಬ್ಬರು, ಕ್ವಾರ್ಟರ್ಸೂ ಸರ್ಕಾರದ್ದೇ, ಅಲ್ಲಿಂದಲೂ ದೇವರನ್ನು ತೆಗೆಸಿ ಎಂದರಂತೆ.
"ಕಮಲಾಬಾಯಿ ಹೊಸ್ತಿಲಾ ಯಾರೂ ದಾಟಬ್ಯಾಡ್ರಿ" ಅಂದರಂತೆ ಸರ್. ಮಾತು ಅಲ್ಲಿಗೇ ನಿಂತಿತು.

ಸರ್…
ನೀವು ಅಂದು ಕೊಟ್ಟ ತೀರ್ಪನ್ನು ನಾನು ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಒಂದು ಆರತಿಯಿಂದ ಯಾರಿಗೇನು ಕೇಡು ಅಂತ ಈಗಲೂ ಅನಿಸುತ್ತದೆ. ಇದು ನಿಮಗೂ ಗೊತ್ತಿತ್ತು. ಊಟಕ್ಕೆ ಬಂದಾಗಲೆಲ್ಲ "ಸಿಟ್ಟು ಎಲ್ಲಿತನ ಇಳೀತ್ರಿ?" ಅಂತ ಕೇಳುತ್ತಿದ್ದಿರಿ. "ಮಂಡಿತನ" ಅನ್ನುತ್ತಿದ್ದೆ. ಮುಂದಿನ ಸಲವೂ ಅದೇ ಮಾತು…
ಆದರೆ ಆ ಗೋಡೆ ಅಂದಿನಿಂದ ಬರಿದಾಗಿಯೇ ಇದೆ, ಸರ್.

ಇವತ್ತು ಮಧ್ಯಾಹ್ನ ಹುಡುಗಿಯರು ಅಳುತ್ತಾ ಬಂದರು. ನಿಮ್ಮ ದೊಡ್ಡ ಫೋಟೋ, ಚೆಂಡು ಹೂವಿನ ಹಾರ, ಎಲ್ಲ ತಂದಿದ್ದರು.
ನನಗೂ ಇಡಬೇಕು ಅನಿಸಿತು. ಸುಳ್ಳು ಯಾಕೆ ಹೇಳಲಿ.
ಆದರೂ ಅವರನ್ನು ಅದೇ ಬೆಂಚಿನ ಮೇಲೆ ಕೂಡಿಸಿದೆ.
"ನಿಮ್ಮ ಮಾತು ಆಮೇಲೆ ಕೇಳ್ತೇನಿ. ಸರ್ ಇದ್ದಿದ್ರ ಏನಂತಿದ್ರು, ಮೊದಲು ಅದು ಹೇಳ್ರಿ."
ಅವರಲ್ಲಿ ಒಬ್ಬಳು, ಕಮಲನಗರದ ಹುಡುಗಿ, ಮೂಗು ಒರೆಸಿಕೊಂಡು ಅಂದಳು…
"ಬ್ಯಾಡ ಅಂತಿದ್ರು, ಮೌಶಿ."
ಹಾರ ಸುತ್ತಿ ತೆಗೆದಿಟ್ಟಿದ್ದಾರೆ. ನಾಳೆ ಔರಾದ ಕಡೆ ನಿಮ್ಮ ಊರಿಗೆ ಅಂತ್ಯಕ್ರಿಯೆಗೆ ಬರುವಾಗ ಜೊತೆಗೆ ತರುತ್ತೇವೆ.

ಗ್ರೂಪಿನವರು ಕೇಳಿದ್ದಕ್ಕೆ ಇಷ್ಟೇ ನನ್ನ ಉತ್ತರ.
ದೀಪ ಹಚ್ಚಿದ್ದೇನೆ. ನನ್ನ ಹೊಸ್ತಿಲ ಒಳಗೆ, ಪಾಂಡುರಂಗನ ಮುಂದೆ. ಅಲ್ಲಿ ನನ್ನನ್ನು ಯಾರೂ ತಡೆಯುವಂತಿಲ್ಲ.

ಸರ್, ನೀವು ಕಲಿಸಿದ ಹಾಗೆ ಮೊದಲು ನಿಮ್ಮ ಕಡೆಯ ಮಾತು…
ನಮೋ ಬುದ್ಧಾಯ.
ಆಮೇಲೆ ನನ್ನದು…
ಪಾಂಡುರಂಗ ನಿಮ್ಮ ಜೀವವನ್ನು ತಂಪಾಗಿಡಲಿ. 🙏