ಕರಿ ಉಣ್ಣೆಯ ಗೋಡೆ

ಬೇರೆ ಅಂಗಡಿಯವರ ಕಿವಿಯ ಮೇಲೆ ಪೆನ್ಸಿಲು ಇರುವಂತೆ ಕಾಕಾ ಅವರ ಬಲಗಿವಿಯ ಮೇಲೆ ಸದಾ ಕರಿ ಉಣ್ಣೆಯ ಎಳೆಯೊಂದು ಇಳಿಬಿದ್ದಿರುತ್ತಿತ್ತು. ಮಾತಿನ ನಡುವೆ ಅದನ್ನು ಎಳೆದು, ಹಲ್ಲಿನಿಂದ ಕಡಿದು, ಗೋಡೆಯ ಎರಡು ಮೊಳೆಗಳ ನಡುವೆ ಬಿಗಿಯುತ್ತಿದ್ದರು. ಹುಮನಾಬಾದಿನಲ್ಲಿ ನಮ್ಮ ಕಾಲೇಜಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದ ಅವರು ನಮಗೆಲ್ಲ ಬರೀ ಕಾಕಾ.

ಆ ಗೋಡೆಯ ಪ್ರತಿ ಮೊಳೆಗೆ ಒಂದು ಚೀಟಿ, ಪ್ರತಿ ಚೀಟಿಯ ಮೇಲೆ ಒಂದು ಪಾಠದ ಹೆಸರು. ಯಾವ ಪಾಠ ತಿಳಿಯಲು ಮೊದಲು ಯಾವುದು ತಿಳಿದಿರಬೇಕೋ ಅಲ್ಲಿಗೆ ಉಣ್ಣೆಯ ಎಳೆ. ಕಾಕಾ ಓದಿದ್ದು ಕಡಿಮೆ. ಈ ನಂಟುಗಳನ್ನು ಅವರಿಗೆ ಹೇಳಿದವರು ವಿದ್ಯಾರ್ಥಿಗಳೇ. ಕಾಕಾ ಅವರ ಅಂಗಡಿಯಿಂದ ನೋಟ್ಸ್ ಪಡೆದವರು ಪರೀಕ್ಷೆ ಮುಗಿದ ಮೇಲೆ ಬಂದು ಒಂದು ಪ್ರಶ್ನೆಗೆ ಉತ್ತರಿಸಬೇಕಿತ್ತು: "ಎಲ್ಲಿ ಎಡವಿದಿ? ಖರೇ ಹೇಳು." ಹೇಳಿದ ಕೂಡಲೇ ಗೋಡೆಗೆ ಹೊಸ ಎಳೆ ಬೀಳುತ್ತಿತ್ತು.

ಮುಡಬಿಯ ಕುರಿಗಾರರ ಮನೆಯಲ್ಲಿ ಬೆಳೆದ ಅವರಿಗೆ ಬಾಲ್ಯದಲ್ಲಿದ್ದ ಕೆಲಸ ಒಂದೇ. ಸಂಜೆ ಹಿಂಡು ಹಟ್ಟಿಗೆ ಮರಳಿದಾಗ ಪ್ರತಿ ಮರಿಯನ್ನು ಅದರದೇ ತಾಯಿಗೆ ಬಿಡಬೇಕು. "ತಪ್ಪ ತಾಯಿಗಿ ಬಿಟ್ಟ ಮರಿ ಹಾಲ ಕುಡಿಯಂಗಿಲ್ಲ, ಒದಿಸ್ಕೋತದ" ಎನ್ನುತ್ತಿದ್ದರು. ಪಾಠಗಳನ್ನೂ ಅವರು ಹಾಗೆಯೇ ನೋಡುತ್ತಿದ್ದರು.

ನಾನು ಬೇಮಳಖೇಡದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬಿ.ಎಸ್ಸಿ.ಯ ಭೌತಶಾಸ್ತ್ರದಲ್ಲಿ ಎರಡು ಸಲ ನಪಾಸಾಗಿದ್ದೆ. ಮೂರನೆಯ ಸಲವೂ ಹಾಗೆಯೇ ಆದರೆ ಓದು ಬಿಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಕಾಕಾ ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿದರು. ಅವರ ಮಸಿ ಹತ್ತಿದ ಬೆರಳು ಲೋಲಕದ ಆಂದೋಲನದ ಪಾಠದಿಂದ ತ್ರಿಕೋನಮಿತಿಗೆ, ಅಲ್ಲಿಂದ ಸಮರೂಪ ತ್ರಿಭುಜಕ್ಕೆ ಹೋಗಿ ನಿಂತಿತು. ಮುಂದೆ ಎಳೆಯಿರಲಿಲ್ಲ.

"ಇದರ ತಾಯಿ ಯಾವುದಂತ ಇನ್ನೂ ಯಾರೂ ಹೇಳಿಲ್ಲವ್ವಾ. ನೀ ಹುಡುಕು."

ಹುಡುಕಿದೆ. ಅದು ಸಿಕ್ಕಿದ್ದು ನನ್ನ ತಂಗಿಯ ಏಳನೆಯ ತರಗತಿಯ ಗಣಿತ ಪುಸ್ತಕದಲ್ಲಿ. ನನಗೆ ಅನುಪಾತವೇ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಿಗೂ ತಿಳಿಯದಂತೆ ಆ ಪುಸ್ತಕಕ್ಕೆ ಪತ್ರಿಕೆಯ ಹೊದಿಕೆ ಹಾಕಿ ಓದಿದೆ. ಪಾಸಾದೆ.

ಕಾಕಾ ಅವರಿಗೆ ಹೇಳಲು ಹೋದ ದಿನ ಅಂಗಡಿ ತುಂಬಿತ್ತು. ನಮ್ಮ ಅಧ್ಯಾಪಕರೊಬ್ಬರು ತಾವು ಸಿದ್ಧಪಡಿಸಿದ ಗೆಸ್ ಪೇಪರಿನ ಕಟ್ಟು ಹಿಡಿದು ನಿಂತಿದ್ದರು. ಎಲ್ಲಿ ಎಡವಿದೆ ಎಂದು ಕಾಕಾ ಕೇಳಿದಾಗ ನನ್ನ ನಾಲಿಗೆ ಹೊರಳಿತು. "ಕಲನಶಾಸ್ತ್ರದಲ್ಲಿ" ಎಂದೆ. ಆ ಹೆಸರಿಗೆ ಘನತೆಯಿತ್ತು. ಅವರು ನಂಬಿ ಆಂದೋಲನದಿಂದ ಕಲನಶಾಸ್ತ್ರಕ್ಕೆ ಎಳೆ ಕಟ್ಟಿದರು.

ಮರುವರ್ಷ ರಾಜೇಶ್ವರದ ಹುಡುಗಿಯೊಬ್ಬಳು ಆ ಎಳೆಯನ್ನೇ ನಂಬಿ ತಿಂಗಳುಗಟ್ಟಲೆ ಕಲನಶಾಸ್ತ್ರದೊಡನೆ ಗುದ್ದಾಡಿದಳು. ಕಿರುಪರೀಕ್ಷೆಯಲ್ಲಿ ನಪಾಸಾಗಿ, ಅದೇ ಗೋಡೆಯ ಕೆಳಗೆ ಕುಳಿತು ಅಳುತ್ತಿದ್ದಳು. ಮುಖ್ಯ ಪರೀಕ್ಷೆಗೆ ಇನ್ನು ಕೆಲವೇ ವಾರಗಳು. ನಾನು ಕಾಕಾ ಅವರನ್ನು ಬದಿಗೆ ಕರೆದು, ತಗ್ಗಿದ ದನಿಯಲ್ಲಿ ನಿಜ ಹೇಳಿದೆ. ಅವರು ಬಯ್ಯಲಿಲ್ಲ. ಕಿವಿಯ ಮೇಲಿನ ಎಳೆಯನ್ನು ತೆಗೆದು ನನ್ನ ಕೈಯಲ್ಲಿಟ್ಟರು.

"ನನ್ನ ಕಿವ್ಯಾಗ ಹೇಳಿದ್ರ ಗ್ವಾಡಿಗಿ ಹ್ಯಾಂಗ ಕೇಳಸ್ತದ? ಎಲ್ಲಾರ ಮುಂದ ಕಟ್ಟಿದ್ದು ಎಲ್ಲಾರ ಮುಂದ ಬಿಚ್ಚು."

ಆ ಅಧ್ಯಾಪಕರು ಅಂದೂ ಅಲ್ಲಿದ್ದರು. ಸ್ಟೂಲಿನ ಮೇಲೆ ಹತ್ತಿ ಸುಳ್ಳಿನ ಎಳೆಯನ್ನು ಬಿಚ್ಚಿದೆ. ಹೊಸ ಚೀಟಿಯ ಮೇಲೆ 'ಅನುಪಾತ, ಏಳನೆಯ ತರಗತಿ' ಎಂದು ಬರೆದೆ. ಕಾಕಾ ಕೊಟ್ಟ ಎಳೆಯನ್ನು ಸಮರೂಪ ತ್ರಿಭುಜದಿಂದ ಅದಕ್ಕೆ ಕಟ್ಟಿದೆ. "ನಾನು ಎಡವಿದ್ದು ಇಲ್ಲಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಅಧ್ಯಾಪಕರು ನಕ್ಕರು. "ನೋಡ್ರೆಪಾ, ಡಿಗ್ರಿ ಹುಡುಗಿ ಏಳನೇತ್ತಾ ಓದಾಕತ್ತಾಳ! ಕಾಕಾ, ಈ ಕುರಿಹಟ್ಟಿ ತೆಗೀರಿ. ನನ್ನ ಗೆಸ್ ಪೇಪರ್ ಇಡ್ರಿ, ಎಲ್ಲಾರೂ ಪಾಸಾಗ್ತಾರ."

"ನಗ್ರಿ ಸರ್, ನಗಾಕ ಯಾರ ಪರ್ವಾನಗಿನೂ ಬೇಕಾಗಿಲ್ಲ" ಎಂದರು ಕಾಕಾ. "ಆದ್ರ ಆ ಎಳಿಗಿ ಕೈ ಹಚ್ಚಬ್ಯಾಡ್ರಿ. ನಿಮ್ಮ ಗೆಸ್ ಪೇಪರ್ ತಾಯಿ ಇಲ್ಲದ ಮರಿ, ನನ್ನ ಅಂಗಡ್ಯಾಗ ಸಿಗಂಗಿಲ್ಲ."

"ಹಂಗಾದ್ರ ಕಾಲೇಜಿನ ಝೆರಾಕ್ಸ್ ಕೆಲಸ ನಿಮಗ ಬರಂಗಿಲ್ಲ."

"ಬ್ಯಾಡ್ರಿ. ಗ್ವಾಡಿ ಅದ ಅಲ್ಲ, ಸಾಕು."

ಕಾಲೇಜಿನ ಕೆಲಸ ನಿಜವಾಗಿಯೂ ಬೇರೆ ಅಂಗಡಿಗೆ ಹೋಯಿತು. ಗೋಡೆ ಹಾಗೆಯೇ ಉಳಿಯಿತು. ರಾಜೇಶ್ವರದ ಹುಡುಗಿಗೆ ನಾನು ಅನುಪಾತ ಹೇಳಿಕೊಟ್ಟೆ, ಆ ಪುಸ್ತಕಕ್ಕೆ ಈ ಸಲ ಹೊದಿಕೆಯಿರಲಿಲ್ಲ. ಪಾಸಾದ ಮೇಲೆ ಅವಳು ಓಡಿಬಂದು ಮೊದಲು ಹೇಳಿದ್ದು ತಾನೂ ಎಡವಿದ ಜಾಗವನ್ನೇ. ಕಾಕಾ ನನ್ನ ಎಳೆಯ ಮೇಲೆ ಇನ್ನೊಂದು ಎಳೆ ಸುತ್ತಿದರು.

ಕಾಕಾ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ನಾನು ಹೋಗುವಷ್ಟರಲ್ಲಿ ಕಟ್ಟಡದ ಮಾಲೀಕರು ಸುಣ್ಣ ಬಳಿಸಿದ್ದರು. ಮೊಳೆಗಳು ಮಾತ್ರ ಉಳಿದಿದ್ದವು, ಒಂದೆರಡಕ್ಕೆ ಉಣ್ಣೆಯ ತುಣುಕು ಅಂಟಿತ್ತು.

ಈಗ ನಾನು ಬಸವಕಲ್ಯಾಣದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಇಂಥ ಹೆಣಿಗೆಗೆ ನಾಲೆಜ್ ಗ್ರಾಫ್ ಎಂಬ ಹೆಸರಿದೆಯೆಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಕಂಪ್ಯೂಟರಿನಲ್ಲಿ ಅಂಥದೊಂದನ್ನು ಕಟ್ಟಿದ್ದೇನೆ. ನಮ್ಮ ವಿದ್ಯಾರ್ಥಿಗಳ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ ಎಲ್ಲವೂ ಅದರಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಪ್ರತಿ ಎಳೆಯ ಪಕ್ಕದಲ್ಲಿ, ಅಲ್ಲಿ ಎಡವಿದವರ ಹೆಸರಿದೆ. ಅವರು ಒಪ್ಪಿಯೇ ಬರೆಸಿದ್ದು. ಮೊದಲ ಹೆಸರು ನನ್ನದು.

ಮೊನ್ನೆ ತಪಾಸಣಾ ಸಮಿತಿ ಬರುವುದಿತ್ತು. ಪ್ರಾಂಶುಪಾಲರು ಪರದೆಯತ್ತ ಬೆರಳು ಮಾಡಿ, "ಪದವಿ ಕಾಲೇಜಿನ ನಕ್ಷೆಯಲ್ಲಿ ಏಳನೆಯ ತರಗತಿ ಏಕೆ, ಮೇಡಂ? ಅದೂ ನಿಮ್ಮ ಹೆಸರಿನೊಂದಿಗೆ! ಅಳಿಸಿಬಿಡಿ" ಎಂದರು. ಸಭೆಗಳಲ್ಲಿ ಒಂದು ಅಕ್ಷರವೂ ತಪ್ಪದಂತೆ ಪುಸ್ತಕದ ಕನ್ನಡ ಆಡುವವಳು ನಾನು. ಅಂದು ಬಾಯಿಗೆ ಬಂದದ್ದು ಬೇರೆ.

"ಆ ಎಳಿ ಎಲ್ಲಾರ ಮುಂದ ಕಟ್ಟೀನ್ರಿ ಸರ್. ಬಿಚ್ಚಂಗಿಲ್ಲ."