ಡಾಂಬರಿನ ಮೇಲೆ ಹರಿದ ಹೊಳೆ

ಆ ವರ್ಷ ಮಲಪ್ರಭೆ ಮೆಣಸಗಿಯ ದಾರಿಯ ಮೇಲೆ ಬಂದು ಮಲಗಿತ್ತು. ದಾರಿಯ ಎರಡೂ ಬದಿಯ ಬೇವಿನ ಮರಗಳ ತಲೆಗಳಷ್ಟೇ ನೀರಿನ ಮೇಲಿದ್ದವು. ಅವುಗಳ ನಡುವೆ ಹರಗೋಲು ಸಾಗುತ್ತಿದ್ದರೆ, ಕೆಳಗೆಲ್ಲೋ ನಾನು ಬಸ್ಸಿನಲ್ಲಿ ಕೂತು ಇದೇ ದಾರಿ ಹಿಡಿದು ಹೊರಟಿದ್ದೇನೆ, ಮೇಲೆ ತೇಲುತ್ತಿರುವವನು ಬೇರೆ ಯಾರೋ ಅನಿಸುತ್ತಿತ್ತು.

ನನ್ನ ತೊಡೆಯ ಮೇಲೊಂದು ಗಂಟು. ಅದರೊಳಗೆ ಹಸಿರು ಸೀರೆ. ಗಜೇಂದ್ರಗಡದ ನಮ್ಮ ಮನೆಯ ಮಗ್ಗದಲ್ಲಿ ಅವ್ವ ತಾನೇ ಕೂತು ನೇಯ್ದದ್ದು. ಮೆಣಸಗಿಗೆ ಕೊಟ್ಟಿದ್ದ ನನ್ನ ತಂಗಿಗೆ ಅಂದು ಸಂಜೆ ಕುಬಸ. ಚೊಚ್ಚಲ ಬಸುರಿಗೆ ತವರಿನ ಹಸಿರು ಸೀರೆ ಉಡಿಸಿ ಆರತಿ ಬೆಳಗುವ ದಿನ. ತಿಂಗಳು ಮೀರುತ್ತದೆಂದು ಬೀಗರು ಮುಂದೆ ಹಾಕಿರಲಿಲ್ಲ. ಅವ್ವನಿಗೆ ಮೊಣಕಾಲು ನೋವು, ಹರಗೋಲು ಹತ್ತುವ ಹಾಗಿರಲಿಲ್ಲ. ಸೀರೆ ಮುಟ್ಟಿದರೆ ತಾನೇ ಹೋಗಿ ಮುಟ್ಟಿದ ಹಾಗೆ ಎಂದು ಹೇಳಿ ಕಳಿಸಿದ್ದಳು.

ನಮ್ಮ ಹರಗೋಲಿನವನು ವರ್ಷವೆಲ್ಲ ಇದೇ ದಾರಿಯಲ್ಲಿ ಟಂಟಂ ಆಟೋ ಓಡಿಸುವವನು. ಹೊಳೆ ಬಂದಾಗ ಮಾತ್ರ ಹುಟ್ಟು ಹಿಡಿಯುತ್ತಿದ್ದ. ನೀರಿನ ಮೇಲೂ ಅವನು ಎಡಬದಿಯ ಮರಗಳನ್ನು ಬಿಡುತ್ತಿರಲಿಲ್ಲ. ಜೊತೆಗಿದ್ದ ಮುಶಿಗೇರಿಯ ಅಜ್ಜಿಯೊಬ್ಬಳು, ಇದಕ್ಕೊಂದು ಹಾರ್ನ್ ಕಟ್ಟಿಸು ಎಂದು ಅವನನ್ನು ಕಾಡುತ್ತಿದ್ದಳು.

ಮುಂದೆ ದಾರಿ ಹಳ್ಳಕ್ಕೆ ಇಳಿಯುವ ತಗ್ಗು. ಅಲ್ಲಿ ನೀರು ಬಲಗಡೆಯಿಂದ ಅಡ್ಡ ಹರಿಯುತ್ತಿತ್ತು. ಆ ಸೆಳವಿನ ಜೊತೆ, ಮೇವು ಹೇರಿದ ಇನ್ನೊಂದು ಹರಗೋಲು ಮೆಲ್ಲಗೆ ತಿರುಗುತ್ತ ತಿರುಗುತ್ತ ಬಂತು. ಅದರವನು ದೂರದಿಂದಲೇ ನಮ್ಮನ್ನು ತಡೆಯಲು ಕೂಗಿದ.

"ರಸ್ತಾ ನಂದೈತಿ, ನೀ ನಿಂದ್ರಪಾ," ಅಂದ ನಮ್ಮವನು.

ಡಿಕ್ಕಿಯ ಸದ್ದು ದೊಡ್ಡದೇನಲ್ಲ, ಎರಡು ಬುಟ್ಟಿ ತಾಗಿದ ಹಾಗೆ. ಮರ, ಆಕಾಶ, ಅಜ್ಜಿ ಎಲ್ಲ ಒಂದು ಸಲ ನನ್ನ ಸುತ್ತ ತಿರುಗಿ ನಿಂತವು. ಆಗ ತೊಡೆ ಹಗುರಾಗಿತ್ತು. ನೀರಿನಲ್ಲಿ ಗಂಟು ಬಿಚ್ಚಿಕೊಂಡಿತು. ಮೊದಲು ಸೆರಗು, ಆಮೇಲೆ ಒಡಲು, ಸೀರೆ ತಾನೇ ಹಾಸಿಕೊಳ್ಳುತ್ತ ಹೋಯಿತು. ಮಗ್ಗದ ಮೇಲೆ ಒಂದು ಮೊಳದಷ್ಟೇ ಕಾಣುತ್ತದೆ, ಉಳಿದದ್ದು ಸುತ್ತಿಕೊಂಡಿರುತ್ತದೆ. ಅವ್ವನ ಅಷ್ಟೂ ಕೆಲಸವನ್ನು ಒಮ್ಮೆಗೇ ನಾನು ನೋಡಿದ್ದು ಅಲ್ಲೇ. ಆಮೇಲೆ ಅದು ಮರಗಳ ಆಚೆ ಮರೆಯಾಯಿತು.

ಮೆಣಸಗಿಯ ದಡ ಸೇರಿದ ಮೇಲೆ ಇಬ್ಬರಿಗೂ ವಾದ ಹತ್ತಿತು. ತಾನು ತನ್ನ ಬದಿಯಲ್ಲೇ ಇದ್ದೆ ಎಂದು ನಮ್ಮವನು, ಸೆಳವಿನಲ್ಲಿ ಬರುವವನಿಗೆ ಬ್ರೇಕ್ ಎಲ್ಲಿಂದ ಬರಬೇಕು ಎಂದು ಮೇವಿನವನು. ಅಲ್ಲಿಯ ಪದ್ಧತಿಯ ಪ್ರಕಾರ, ನೀರಿಗೆ ಬಿದ್ದದ್ದನ್ನು ತಪ್ಪು ಮಾಡಿದವನೇ ಹುಡುಕಿ, ಅದು ಯಾರಿಗೆ ಸೇರಬೇಕೋ ಅವರ ಕೈಗೆ ಮುಟ್ಟಿಸಬೇಕು. ಹಾಗಾಗಿ ತಪ್ಪು ಯಾರದೆಂದು ತಿಳಿಯದೆ ಯಾರೂ ಹುಡುಕಲು ಹೊರಡಲಿಲ್ಲ. ಹೊತ್ತು ಇಳಿಯುತ್ತಿತ್ತು. ತಂಗಿಯ ಫೋನು ಬಂತು. ನೀರು ಬಹಳ ಇದೆ, ಬರುತ್ತೇನೆ ಎಂದಷ್ಟೇ ಹೇಳಿದೆ.

ಹಿಂದೆ ಹರಗೋಲು ನಡೆಸುತ್ತಿದ್ದ ಹಿರಿಯನೊಬ್ಬ ಕಟ್ಟೆಯಿಂದ ಎದ್ದು ಬಂದ.

"ಗಳ ಇಳಿಸಿ ನೋಡ್ರಿ. ಡಾಂಬರ ತಗಲಿದ್ರ ಅದು ರಸ್ತಾ, ಎಡಕ್ಕಿದ್ದಾವಂದ ಖರೇ. ತಗಲಲಿಲ್ಲಂದ್ರ ಅದು ಹೊಳಿ. ಹೊಳ್ಯಾಗ ನೀರಿನ ಕೂಡ ಬರಾಂವಗ ದಾರಿ ಬಿಡಬೇಕು."

ಎಲ್ಲರೂ ತಗ್ಗಿಗೆ ಹೋದೆವು. ದಡದ ಹತ್ತಿರ ಗಳದ ತುದಿಗೆ ಡಾಂಬರು ಠಕ್ ಠಕ್ ಎನ್ನುತ್ತಿತ್ತು, ನೀರಿನೊಳಗಿಂದ ಯಾರೋ ಬಾಗಿಲು ಬಡಿದಂತೆ. ಡಿಕ್ಕಿಯಾದ ಜಾಗದಲ್ಲಿ ಗಳ ಇಳಿಯುತ್ತ ಹೋಯಿತು. ಹಿರಿಯನ ಮೊಣಕೈ ಮುಳುಗಿತು. ಯಾವ ಸದ್ದೂ ಬರಲಿಲ್ಲ.

ಟಂಟಂನವನು ನಮ್ಮನ್ನು ದಡಕ್ಕೆ ಇಳಿಸಿ, ಸೀರೆ ಹೋದ ಕಡೆಗೆ ಹರಗೋಲು ತಿರುಗಿಸಿದ. ಮೇವಿನವನು ಅವನನ್ನು ನೋಡಿದ, ಕೆಳಗೆ ಹರಿಯುವ ನೀರನ್ನು ನೋಡಿದ.

"ನೀ ಒಬ್ಬನ ಎಲ್ಲಿ ಹುಡಕ್ತಿ? ಸೆಳವು ಎಲ್ಲಿ ಒಯ್ದು ಬಿಡತೈತಿ ನಂಗ ಗೊತ್ತೈತಿ. ನಡಿ."

ಮೇವು ಇಳಿಸದೆಯೇ ಅವನೂ ಹೊರಟ. ನಾನು ಅಜ್ಜಿಯ ಪಕ್ಕ ದಡದಲ್ಲಿ ಕೂತೆ. ಎರಡು ಹರಗೋಲುಗಳು ಸಣ್ಣವಾಗಿ ಎರಡು ಎಲೆಗಳಾದವು. ನೀರು ಬಂಗಾರದ ಬಣ್ಣಕ್ಕೆ ತಿರುಗಿದಾಗ ಅವು ಮರಳಿ ಬಂದವು. ಮೇವಿನ ರಾಶಿಯ ಮೇಲೆ ಹಸಿರು ಸೀರೆ ಹರಡಿತ್ತು, ಯಾರೋ ಮಲಗಿ ಬರುತ್ತಿರುವ ಹಾಗೆ. ಹೊಲದಂಚಿನ ಜಾಲಿಯ ಮೇಲೆ ಸಿಕ್ಕಿತ್ತಂತೆ.

ಪದ್ಧತಿಯಂತೆ ಸೀರೆಯನ್ನು ತಂಗಿಯ ಕೈಗೆ ಕೊಟ್ಟವನು ಟಂಟಂನವನೇ. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವಳು ಸೀರೆ ಮುಟ್ಟಿ ನೋಡಿದಳು. ಇನ್ನೂ ಹಸಿಯಾಗಿತ್ತು.

"ತವರಮನಿ ಸೀರಿ ಜಳಕಾ ಮಾಡಿ ಬಂದೈತಿ," ಅಂದಳು ಅವನಿಗೆ. "ಬರ್ರಿ ಅಣ್ಣಾ, ಕೂಡ್ರಿ. ಚಾ ಕುಡದು ಹೋಗ್ರಿ."

ಅದನ್ನೇ ಉಟ್ಟು ಆರತಿಗೆ ಕೂತಳು. ಸೆರಗಿನಲ್ಲಿ ಜಾಲಿ ಮುಳ್ಳಿನ ಎರಡು ತೂತುಗಳಿದ್ದವು. ಆರತಿಯ ಬೆಳಕು ಅವುಗಳಲ್ಲಿ ತೂರಿ ಆಚೆ ಬಂತು.

ಈಗಲೂ ನಾನು ಅವನ ಟಂಟಂನಲ್ಲೇ ತಂಗಿಯ ಮನೆಗೆ ಹೋಗುತ್ತೇನೆ. ಹಳ್ಳದ ತಗ್ಗು ಬಂದಾಗ ಅವನು ನಿಧಾನ ಮಾಡಿ ಬಲಗಡೆ ಒಮ್ಮೆ ನೋಡುತ್ತಾನೆ. ಆ ಕಡೆಯಿಂದ ಯಾವ ಗಾಡಿಯೂ ಬರುವುದಿಲ್ಲ, ಅಲ್ಲಿ ರಸ್ತೆಯೇ ಇಲ್ಲ. ಜೋಳದ ಹೊಲವಿದೆ, ಗಾಳಿಗೆ ಒಂದೇ ಕಡೆ ಬಾಗುತ್ತಿರುತ್ತದೆ. ಅದು ಬಾಗಿ ಏಳುವ ತನಕ ಕಾದು, ಆಮೇಲೆ ಅವನು ಗಾಡಿ ಮುಂದೆ ಬಿಡುತ್ತಾನೆ.