ಫರ್ಸಿಯ ಮೇಲೆ ಕೂತವರಿಗೆ ಒಂದು ಕ್ರಿಯಾಪದ

ಸೇಡಂ ಬಸ್‌ಸ್ಟ್ಯಾಂಡಿನ ಎದುರಿಗಿರುವ ಚಹಾದ ಹೋಟೆಲಿನ ಮುಂದೆ ಒಂದು ಉದ್ದನೆಯ ಶಹಾಬಾದ್ ಫರ್ಸಿ ಇದೆ. ಎರಡು ಕಲ್ಲುಗಳ ಮೇಲೆ ಅಡ್ಡ ಇಟ್ಟ ಚಪ್ಪಡಿ, ಅಷ್ಟೇ. ನನ್ನ ಕಾಕಾ ಅದರ ಮೇಲೆ ಡ್ಯೂಟಿ ಮಾಡುತ್ತಿದ್ದರು.

ಡ್ಯೂಟಿ ಎಂಬ ಮಾತು ಅವರದೇ. ವಾಡಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾಗಿ ಊರಿಗೆ ಬಂದ ಮೇಲೂ ಅವರು ಶಿಫ್ಟ್ ಬಿಡಲಿಲ್ಲ. ಒಂದು ವಾರ ಬೆಳಗಿನ ಶಿಫ್ಟ್, ಮುಂದಿನ ವಾರ ಮಧ್ಯಾಹ್ನದ್ದು. ಕಾಕಿ ಮೊದಲಿನಂತೆಯೇ ಡಬ್ಬಿ ಕಟ್ಟುತ್ತಿದ್ದಳು: ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕಾಕಾ ಡಬ್ಬಿ ಹಿಡಿದು ಬಂದು ಫರ್ಸಿಯ ಎಡತುದಿಯಲ್ಲಿ ಕೂತರೆ ಶಿಫ್ಟ್ ಮುಗಿಯುವವರೆಗೆ ಏಳುತ್ತಿರಲಿಲ್ಲ. ಇದು ಹುಚ್ಚಲ್ಲ, ಒಪ್ಪಂದ. ನಿವೃತ್ತಿಯಾದ ಹೊಸದರಲ್ಲಿ ಅವರು ಮನೆಯಲ್ಲೇ ಇದ್ದು, ಬೇಳೆ ಡಬ್ಬಿಗಳ ಜಾಗ ಬದಲಿಸಿ, ಕುಕ್ಕರಿನ ಸೀಟಿಗಳಿಗೆ ಗಡಿಯಾರ ಹಿಡಿದು, ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತೆಂದು ವರದಿ ಒಪ್ಪಿಸಿದ್ದರು. "ನೀವು ಹೊರಗ ಇದ್ರನೇ ನಾ ಒಳಗ ಬದುಕತೀನಿ," ಅಂದಿದ್ದಳು ಕಾಕಿ. ಇಬ್ಬರ ಸಂಸಾರ ನಿಂತಿದ್ದು ಆ ಕಲ್ಲಿನ ಮೇಲೆ.

ಹೋಟೆಲಿನವನಿಗೆ ಈ ಸಂಸಾರದಿಂದ ಲಾಭವಿರಲಿಲ್ಲ. ಸುಸಲಾ-ಭಜಿ ತಿನ್ನಲು ಬಂದ ಗಿರಾಕಿಗಳು ಪ್ಲೇಟು ಹಿಡಿದು ನಿಂತುಕೊಳ್ಳಬೇಕಾಗಿತ್ತು. ಎದ್ದು ಜಾಗ ಬಿಡಿ ಎಂದು ಕನ್ನಡದಲ್ಲಿ ಬೋರ್ಡು ಬರೆಸಿದ. ಕಾಕಾ ಅದರ ಮೊಳೆಗೆ ತಮ್ಮ ಡಬ್ಬಿಯ ಚೀಲ ನೇತುಹಾಕಿದರು.

"ಕನ್ನಡದ ಬೋರ್ಡಿಗಿ ಯಾರೂ ಹೆದರಲ್ಲರಿ ಸರ," ಎಂದು ಅವನು ನನ್ನ ಹತ್ತಿರ ಬಂದ. ನಾನು ಇಲ್ಲಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. "ವಾಡಿ ಸ್ಟೇಷನ್ದಾಗ ನೋಡ್ರಿ. ಇಂಗ್ಲಿಷಿನ್ಯಾಗ ಬರದಾರ. ಓದಲಾಕ ಬರಲಾರದವರೂ ದೂರ ನಿಂದರ್ತಾರ. ಸುಮ್ಮ ಕುಂದ್ರೋದಕ್ಕ ಒಂದು ಛಲೋ ಇಂಗ್ಲಿಷ್ ಶಬ್ದ ಕೊಡ್ರಿ."

ಶಬ್ದ ಒಂದಿದ್ದರೆ ಕೊಡಬಹುದಿತ್ತು. ಇಂಗ್ಲಿಷಿನವರು ಸುಮ್ಮನಿರುವುದಕ್ಕೆ ಎಷ್ಟೊಂದು ಕ್ರಿಯಾಪದ ಮಾಡಿಟ್ಟುಕೊಂಡಿದ್ದಾರೆಂದರೆ, ಅವರಿಗೆ ಬೇರೆ ಕೆಲಸವಿರಲಿಲ್ಲವೇನೋ. ನಾನು ಹೋಟೆಲಿಗೆ ಹೋಗಿ ಒಂದೊಂದನ್ನೇ ವಿವರಿಸಿದೆ. ಆರೋಪಿಗಳೂ ಅಲ್ಲೇ ಕೂತಿದ್ದರು.

ಇದೆಲ್ಲ ಒಂದೇ ಸಂಜೆ ನಡೆಯಿತೆಂದು ಬರೆದರೆ ಚೆಂದ ಕಾಣುತ್ತದೆ. ಹಾಗೆ ನಡೆದಿರಲಾರದು. ಮಾತಿನ ಮಧ್ಯೆ ಕಾಕಾ ಒಮ್ಮೆ ಸ್ವೆಟರಿನಲ್ಲಿದ್ದಾರೆ, ಇನ್ನೊಮ್ಮೆ ಬಿಸಿಲಿಗೆ ಕಾದ ಫರ್ಸಿಗೆ ನೀರು ಚಿಮುಕಿಸುತ್ತಿದ್ದಾರೆ. ನನ್ನ ನೆನಪು ಎರಡನ್ನೂ ಬಿಟ್ಟುಕೊಡುತ್ತಿಲ್ಲ.

"ಲಾಯ್ಟರ್," ಅಂದೆ. "ಕಾರಣ ಇಲ್ದೆ ಒಂದ್ ಕಡೆ ಸುಳಿದಾಡ್ಕೋತ ನಿಂದರೋದು."

"ನಾವು ನಿಂತೀವೇನು?" ಅಂದರು ಕಾಕಾ. "ಕಣ್ಣು ಕಾಣಲ್ಲೇನು ನಿನಗ? ಕುಂತೀವಿ."

"ಮತ್ತ ನನಗ ಕಾರಣ ಅದ," ಅಂದ ಪಕ್ಕದವನು. ಅವನು ಚಿಂಚೋಳಿ ಬಸ್ಸಿಗೆ ಕಾಯುವವನು. ದಿನಾ ಬಂದು ಕಾಯುತ್ತಿದ್ದ. ಚಿಂಚೋಳಿ ಬಸ್ಸುಗಳು ಬಂದು ಹೋಗುತ್ತಿದ್ದವು. ಯಾವುದನ್ನೂ ಅವನು ಹತ್ತಿದ್ದು ನಾವು ಕಂಡಿರಲಿಲ್ಲ.

"ಲೌಂಜ್. ಮೈ ಚೆಲ್ಲಿ ಒರಗಿ ಕುಂದ್ರೋದು."

"ಒರಗಲಾಕ ಹಿಂದ ಏನದ, ಗಾಳಿ?" ಅಂದರು ಕಾಕಾ.

"ಡಾಡ್ಲ್. ಹೋಗ್ತಾ ಹೋಗ್ತಾ ತಡ ಮಾಡೋದು."

"ಅದು ಈ ಸಾವ್ಕಾರನ ಚಾ. ಒಳಗಿಂದ ಹೊರಗ ಬರೂದ್ರಾಗ ಕೆನಿ ಕಟ್ಟತದ."

ಹೊತ್ತನ್ನು ಹಿತವಾಗಿ ಕಳೆಯುವುದಕ್ಕೆ ವೈಲ್ ಎಂಬುದೊಂದಿದೆ ಅಂದೆ. ಕಾಕಾ ತಲೆದೂಗಿದರು. ಹೋಟೆಲಿನವನು ಒಪ್ಪಲಿಲ್ಲ. "ಅದನ್ನ ಬರದ್ರ ಚಿತ್ತಾಪುರದವರೂ ಬಂದು ಕುಂದರ್ತಾರರಿ." ಬೋರ್ಡು ಬರೆಯಲು ಅವನು ಕರೆಸಿದ್ದ ಪೇಂಟರ್ ಮಾತ್ರ ಕಾಯಲಾರದೆ 'ಪ್ಲೀಸ್ ಡೋಂಟ್' ಎಂದು ಇಂಗ್ಲಿಷಿನಲ್ಲಿ ಬರೆದು, ಮುಂದೆ ಜಾಗ ಬಿಟ್ಟು ಹೋಗಿದ್ದ.

ಕೊನೆಗೆ ನಾನು ಲೋಫ್ ಅಂದೆ. ಕೆಲಸ ತಪ್ಪಿಸಿ ಕಾಲ ಕಳೆಯುವುದು. ಹೋಟೆಲಿನವನಿಗೆ ಅದರ ಸದ್ದೇ ಹಿಡಿಸಿತು, ಇದೇ ಇರಲಿ ಅಂದ.

ಕಾಕಾ ಎದ್ದು ನಿಂತರು. ಶಿಫ್ಟಿನ ನಡುವೆ ಅವರು ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಸರ್ವಿಸ್ ಪೂರಾ ಒಂದು ದಿನ ತಪ್ಪಿಸಿಲ್ಲ ನಾ. ಇಲ್ಲೂ ತಪ್ಪಿಸಿಲ್ಲ. ಆ ಶಬ್ದದ ಕೆಳಗ ನಾ ಕುಂದ್ರಲ್ಲ." ಡಬ್ಬಿ ತೆಗೆದುಕೊಂಡು ಮನೆಗೆ ಹೋದರು. ಒಳಗಿದ್ದ ರೊಟ್ಟಿ ಹಾಗೇ ಇತ್ತು.

ಮರುದಿನ ಅವರು ಬರಲಿಲ್ಲ. ಬೋರ್ಡು ಪೂರ್ತಿ ಮಾಡಲು ಹೋಟೆಲಿನವನು ಪೇಂಟರನಿಗೆ ಹೇಳಿಕಳಿಸಿದ್ದ. ಶಬ್ದದ ಕಾಗುಣಿತ ಹೇಳಲು ನಾನೂ ಅಲ್ಲಿದ್ದೆ. ಪೇಂಟರ್ ಬರುವ ಮೊದಲು ಕಾಕಿ ಬಂದಳು. ಸೆರಗು ಸರಿಮಾಡಿಕೊಂಡು, ಡಬ್ಬಿ ಪಕ್ಕಕ್ಕಿಟ್ಟು, ಎಡತುದಿಯಲ್ಲಿ ಕೂತಳು. ಹೆಣ್ಣುಮಕ್ಕಳು ಆ ಫರ್ಸಿಯ ಮೇಲೆ ಕೂತದ್ದನ್ನು ಊರು ಕಂಡಿರಲಿಲ್ಲ. ಕೂತಿದ್ದ ಗಂಡಸರು ಬಲಕ್ಕೆ ಸರಿದರು, ಮತ್ತೆ ಸರಿದರು, ಫರ್ಸಿ ಮುಗಿಯಿತು. ಎದುರಿಗೆ ಚಿಂಚೋಳಿ ಬಸ್ಸು ನಿಂತಿತ್ತು. ಬಸ್ಸಿಗೆ ಕಾಯುವವನು ಬೇರೆ ದಾರಿ ಕಾಣದೆ ಅದನ್ನು ಹತ್ತಿ ಹೋಗಿಬಿಟ್ಟ.

"ಏನ್ ಕಾಕಿ ಇದು?" ಅಂದೆ.

"ಅವರು ಮನ್ಯಾಗ ಅದಾರ. ಮುಂಜಾನಿಂದ ಉಪ್ಪಿನ ಡಬ್ಬಿ ಎರಡು ಸಲ ತೂಗ್ಯಾರ. ಅದಕ್ಕ ನಾ ಇಲ್ಲಿ ಬಂದೀನಿ."

ಹೋಟೆಲಿನವನು ಕೈ ಒರೆಸಿಕೊಳ್ಳುತ್ತ ಬಂದ. "ಅಕ್ಕಾರ, ಇದು ಗಂಡಸರು ಕುಂದ್ರೋ ಜಾಗರಿ."

"ಹೌದೇನು? ಅವರು ಇಲ್ಲಿ ಏನ್ ಮಾಡತಿದ್ರು?"

"ಏನೂ ಇಲ್ಲರಿ."

"ನಾನೂ ಅದನ್ನೇ ಮಾಡಲಿಕತ್ತೀನಿ. ಒಂದ್ ಚಾ ಕೊಡ್ರಿ." ಆಮೇಲೆ ನನ್ನ ಕಡೆ ತಿರುಗಿದಳು. "ತಮ್ಮಾ, ಭಾಳ ಶಬ್ದ ಅವ ಅಂತಲ್ಲ ನಿನ್ನ ಹತ್ರ. ನಾ ಕುಂತಿದ್ದಕ್ಕ ಏನಂತಾರ?"

ನಾನು ಒಂದೊಂದನ್ನೇ ಮನಸ್ಸಿನಲ್ಲಿ ಅವಳ ಮೇಲಿಟ್ಟು ನೋಡಿದೆ. ಯಾವುದೂ ಹೊಂದಲಿಲ್ಲ. ಅವಳ ಬೆರಳುಗಳು ಖಾಲಿ ಮಡಿಲಿನಲ್ಲಿ ತೊಗರಿ ಆರಿಸುತ್ತಲೇ ಇದ್ದವು, ಹರಳು ಸಿಕ್ಕಾಗ ಎತ್ತಿ ಎಸೆಯುವಂತೆ ಒಮ್ಮೊಮ್ಮೆ ಪಕ್ಕಕ್ಕೆ ಹೋಗುತ್ತಿದ್ದವು. ಚಹಾ ಮುಗಿಯುವ ಹೊತ್ತಿಗೆ ನಿಂತವು. ಆ ನಿಂತ ಬೆರಳುಗಳನ್ನು ನಾನು ಖರೆಯಾಗಿ ನೋಡಿದೆನೋ, ಬರೆಯುವಾಗ ನಿಲ್ಲಿಸಿದೆನೋ, ಹೇಳಲಾರೆ.

ಪೇಂಟರ್ ಬಂದ. ಏನು ಬರೆಯಲಿ ಎಂದು ಕೇಳಿದ. ಹೋಟೆಲಿನವನು ನನ್ನ ಮುಖ ನೋಡಿದ, ನಾನು ಕಾಕಿಯ ಮುಖ ನೋಡಿದೆ. ಬೋರ್ಡು ಇವತ್ತಿಗೂ 'ಪ್ಲೀಸ್ ಡೋಂಟ್' ಅನ್ನುವಲ್ಲಿಗೇ ನಿಂತಿದೆ.

ಕಾಕಿ ಮರುದಿನವೂ ಬಂದಳು, ಅದರ ಮರುದಿನವೂ. ಈ ವಾರ ಅವಳದು ಬೆಳಗಿನ ಶಿಫ್ಟ್. ಡಬ್ಬಿ ಕಾಕಾ ಕಟ್ಟುತ್ತಾರೆ. ರೊಟ್ಟಿ ದಪ್ಪ, ಸಾಸಿವೆ ಕಡಿಮೆ. ಮೊನ್ನೆ ಕಾಲೇಜಿನಿಂದ ಬರುವಾಗ ನೋಡಿದರೆ ಕಾಕಾ ಫರ್ಸಿಯ ಹತ್ತಿರ ಇದ್ದರು. ಬೋರ್ಡಿನ ತನಕ ಹೋಗುವುದು, ಓದುವುದು, ತಿರುಗಿ ಬರುವುದು, ಎಡತುದಿಯ ಹತ್ತಿರ ಬಂದು ಕೆಮ್ಮುವುದು.

ಅವರಿಗೆ ಸರಿಯಾದ ಶಬ್ದ ನನ್ನಲ್ಲಿತ್ತು, ಅವತ್ತು ಎಲ್ಲಕ್ಕಿಂತ ಮೊದಲು ಹೇಳಿದ್ದೇ. ಹೇಳಲಿಲ್ಲ.

"ಇನ್ನೂ ಎಷ್ಟೊತ್ತು?" ಅಂದರು ಕಾಕಾ.

"ಶಿಫ್ಟ್ ಮುಗದಿಲ್ಲ," ಅಂದಳು ಕಾಕಿ, ಬಸ್ಸುಗಳ ಕಡೆಯಿಂದ ಕಣ್ಣು ತೆಗೆಯದೆ. "ಮನಿಗಿ ನಡೀರಿ. ಕುಕ್ಕರ್ ಇಟ್ಟು ಬಂದೀರೇನು ಮತ್ತ?"